ಗುಲಾಬಕ್ಕನ ಮೊಳೆ

ನಮ್ಮ ಕನ್ನಡಕದ ಅಂಗಡಿಯ ಹಿಂಬದಿಯ ಗೋಡೆಯಲ್ಲಿ ಒಂದು ಮೊಳೆ ಇದೆ. ಆ ಮೊಳೆಗೆ ಒಂದು ಹಸಿರು ಬಟ್ಟೆಯ ಚಿಂದಿ ಕಟ್ಟಿದೆ. ವಿಷಯ ಇಷ್ಟೇ. ಆದರೆ ಕಳೆದ ಸೋಮವಾರದಿಂದ ಶನಿವಾರದವರೆಗೆ ಈ ಚಿಂದಿಯ ದೆಸೆಯಿಂದ ನನಗೆ ಅನ್ನ ಸೇರಲಿಲ್ಲ.

ಅಂಗಡಿಯ ಹೊಸ ಯಜಮಾನ ಪ್ರಶಾಂತ ಮಂಗಳೂರಿಗೆ ಹೋಗಿ ಒಂದು ತರಬೇತಿ ಮುಗಿಸಿ ಬಂದಿದ್ದಾನೆ. ಕೆಲಸದ ಜಾಗದಲ್ಲಿ ಏನೇನು ಇರಬಾರದು ಎಂದು ಕಲಿಸುವ ತರಬೇತಿಯಂತೆ. ಮಧ್ಯಾಹ್ನ ಊಟವನ್ನೂ ಹಾಕಿ ಕಲಿಸುತ್ತಾರಂತೆ. ಬಂದವನೇ ಹಳೆ ಫ್ರೇಮುಗಳನ್ನೆಲ್ಲ ಗೋಣಿಗೆ ತುಂಬಿದ, ಮೇಜಿನ ಮೇಲಿದ್ದ ನನ್ನ ಬಾಚಣಿಗೆಯನ್ನು ಡ್ರಾಯರಿಗೆ ತಳ್ಳಿದ, ಗೋಡೆಗೆ ‘ಇಲ್ಲಿ ಸಾಮಾನು ಇಡಬಾರದು’ ಎಂದು ದಪ್ಪ ಅಕ್ಷರದ ಬೋರ್ಡು ಹಾಕಿದ. ಆಮೇಲೆ ಮೊಳೆಯ ಎದುರು ನಿಂತು, "ಶಾರದಕ್ಕ, ಈ ಕಸ ಎಂತಕ್ಕೆ? ಶನಿವಾರ ಪೇಂಟಿನವ ಬತ್ತ. ಅಷ್ಟ್ರೊಳಗೆ ಮೊಳೆ ಎಲ್ಲ ಕೀಳ್ಕ್" ಅಂದ.

ನಾನು ಅವನ ಪರವಾಗಿ ಇರುತ್ತೇನೆ ಎಂದು ಪಾಪ ಅವನು ನಂಬಿದ್ದ. ನಂಬಿದ್ದರಲ್ಲಿ ತಪ್ಪೇನೂ ಇಲ್ಲ. ಓರಣದ ಹುಚ್ಚು ನನಗೆ ಹುಟ್ಟಿದಂದಿನಿಂದ ಇದೆ. ನಮ್ಮ ಮನೆಯಲ್ಲಿ ಚಾ ಪುಡಿ ಎಲ್ಲಿದೆ ಎಂದು ಗಂಡನಿಗೆ ಇಂದಿಗೂ ಗೊತ್ತಿಲ್ಲ. ಅಷ್ಟು ಚೆನ್ನಾಗಿ ಎತ್ತಿಟ್ಟಿರುತ್ತೇನೆ. ಕೆಲವು ಸಲ ನನಗೂ ಗೊತ್ತಿರುವುದಿಲ್ಲ. ಆಗ ಇಬ್ಬರೂ ಕಷಾಯ ಕುಡಿಯುತ್ತೇವೆ.

ತೊಂಬತ್ತೇಳರಲ್ಲಿ ನಾನು ಈ ಅಂಗಡಿಗೆ ಸೇರಿದಾಗ ಇದು ಅಂಗಡಿಯಾಗಿರಲಿಲ್ಲ. ಕುಂದಾಪುರದ ಬಸ್ ನಿಲ್ದಾಣದ ಎದುರಿಗೇ ಇರುವುದು ಇದರ ಪುಣ್ಯವೋ ಪಾಪವೋ, ಇಡೀ ತಾಲೂಕಿನವರು ತಮ್ಮ ಸಾಮಾನನ್ನು ನಮ್ಮಲ್ಲಿ ಇಟ್ಟು ಹೋಗುತ್ತಿದ್ದರು. ಆಗಿನ ಯಜಮಾನರು ಪ್ರಶಾಂತನ ದೊಡ್ಡಪ್ಪ, ನಾವೆಲ್ಲ ಕರೆಯುವ ಹಾಗೆ ರಾಮದಾಸ ಮಾಮ. ಅವರಿಗೆ ‘ಆಗುವುದಿಲ್ಲ’ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಬಾಗಿಲಲ್ಲಿ ಯಾರೋ ನಿಂತು "ಹ್ವಾಯ್ ಮಾಮ, ಇದೊಂದ್ ಗಳ್ಗಿ ಇಟ್ಕಣಿ, ಈಗ ಬತ್ತೆ" ಎನ್ನುವುದು, ಮಾಮ ಕೈಯಲ್ಲಿದ್ದ ಗಾಜಿನಿಂದ ತಲೆ ಎತ್ತದೆ "ಇಡಿ ಇಡಿ" ಎನ್ನುವುದು. ಹಾಗೆ ಬಂದು ಕೂತವುಗಳಲ್ಲಿ ಕುಕ್ಕರು, ಕೊಡೆ, ಒಣಮೀನಿನ ಕಟ್ಟು, ಆನೆಗುಡ್ಡೆಗೆ ಹರಕೆಯ ತೆಂಗಿನಕಾಯಿ, ಯಾರದೋ ಮದುವೆಯ ಮಲ್ಲಿಗೆ ಎಲ್ಲವೂ ಇದ್ದವು. ಒಮ್ಮೆ ಕಾಲು ಕಟ್ಟಿದ ಹುಂಜವನ್ನೇ ಕೌಂಟರಿನ ಕೆಳಗೆ ಬಿಟ್ಟುಹೋಗಿದ್ದರು. ಕಣ್ಣು ಪರೀಕ್ಷೆಗೆ ಕೂತ ಹೆಡ್ಮಾಸ್ಟರರು ಕೊನೆಯ ಸಾಲಿನ ಸಣ್ಣ ಅಕ್ಷರ ಓದಲು ಬಾಯಿ ತೆರೆದರು, ಹುಂಜ ಕೂಗಿತು. ಅವರು ಎದ್ದೇ ಹೋದರು.

ನನಗೆ ಮೈ ಉರಿಯುತ್ತಿತ್ತು. ಮಾಮನಿಗೆ ಮಾತ್ರ ಆ ರಾಶಿಯಲ್ಲಿ ಯಾವುದು ಯಾರದೆಂದು ಬಾಯಿಪಾಠ. "ಕೋಳಿ ಹತ್ರ ಇಪ್ಪುದ್ ತಲ್ಲೂರಿನವ್ರದ್, ಕುಕ್ಕರಿನ ಒಳ್ಗೆ ಇಪ್ಪುದ್ ಮೇಷ್ಟ್ರದ್" ಎನ್ನುತ್ತಿದ್ದರು.

ನಡುವೆ ನನ್ನ ಅಮ್ಮನ ಮಾತೊಂದು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅಮ್ಮ ಬೈಂದೂರಿನ ಕಡೆಯ ಕಡಲ ತೀರದಲ್ಲಿ ಮೀನು ಮಾರುವವಳು. ಬೆಳಿಗ್ಗೆ ಅಷ್ಟೂ ಹೆಂಗಸರು ಬುಟ್ಟಿಗಳನ್ನು ಒಂದೇ ಟೆಂಪೋದ ಮೇಲೆ ಹೇರಿ ಹೊರಡುತ್ತಿದ್ದರು. ಬುಟ್ಟಿಗಳೆಲ್ಲ ಒಬ್ಬನೇ ಹೆಣೆದವು, ಒಂದೇ ಅಳತೆ, ಒಂದೇ ವಾಸನೆ. ಇಳಿಸುವಾಗ ಜಗಳವಾಗಬಾರದೆಂದು ಪ್ರತಿಯೊಬ್ಬಳೂ ತನ್ನ ಹಳೆಯ ಸೀರೆಯ ಅಂಚು ಹರಿದು ಬುಟ್ಟಿಯ ಕಿವಿಗೆ ಕಟ್ಟುತ್ತಿದ್ದಳು. ಅಮ್ಮನದು ನೇರಳೆ. ಒಬ್ಬಳ ಬಣ್ಣವನ್ನು ಇನ್ನೊಬ್ಬಳು ಕಟ್ಟುವ ಹಾಗಿಲ್ಲ. ಸೀರೆ ಹರಿದು ಬೇರೆ ಉಟ್ಟರೂ ಚಿಂದಿಯ ಬಣ್ಣ ಅದೇ. ಕ್ರಮೇಣ ಅದು ಎಷ್ಟು ಅಭ್ಯಾಸವಾಗಿಬಿಟ್ಟಿತ್ತೆಂದರೆ ಅಮ್ಮ ನನ್ನ ಶಾಲೆಯ ಚೀಲಕ್ಕೂ, ಚಿಮಣಿ ಎಣ್ಣೆಯ ಕ್ಯಾನಿಗೂ, ಕೊನೆಗೆ ಮದುವೆಯ ದಿನ ನನ್ನ ಟ್ರಂಕಿಗೂ ನೇರಳೆ ಚಿಂದಿ ಕಟ್ಟಿದ್ದಳು. ಗಂಡನ ಮನೆಯವರ ಎದುರು ನಾನು ನಾಚಿಕೆಯಿಂದ ಸತ್ತಿದ್ದೆ.

ಈಗ ಅಂಗಡಿಗೆ ಬರೋಣ. ನಾನು ಸೇರಿ ಎರಡು ವರ್ಷವಾಗಿತ್ತು. ನವರಾತ್ರಿ. ಆಯುಧಪೂಜೆಗೆ ಮೊದಲು ಅಂಗಡಿ ತೊಳೆಯಲೇಬೇಕೆಂದು ನಾನು ಮಾಮನ ಹಿಂದೆ ಬಿದ್ದು ಒಪ್ಪಿಸಿದ್ದೆ. ಒಳಗಿದ್ದ ಅಷ್ಟೂ ಚೀಲಗಳನ್ನು ಹೊರಗೆ ಜಗಲಿಯ ಮೇಲೆ ಸಾಲಾಗಿ ಇಟ್ಟೆ. ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಷ್ಟು ನೀಟಾಗಿ. ಹಬ್ಬಕ್ಕೆ ಊರಿನ ಜವಳಿ ಅಂಗಡಿಯೊಂದು ಬಟ್ಟೆ ಕೊಂಡವರಿಗೆಲ್ಲ ಹಳದಿ ಚೀಲ ಕೊಡುತ್ತಿತ್ತು, ಹಾಗಾಗಿ ಸಾಲಿನಲ್ಲಿ ಹಳದಿಯೇ ಹೆಚ್ಚು. ನೋಡಿ ನನಗೆ ಸಂತೋಷವೋ ಸಂತೋಷ. ಒಳಗೆ ಹೋಗಿ ಸ್ಟೂಲು ಹತ್ತಿ ಅಟ್ಟದ ಜೇಡರ ಬಲೆ ತೆಗೆಯತೊಡಗಿದೆ.

ಊಟದ ಹೊತ್ತಿಗೆ ಮಂಜಣ್ಣ ಎಂಬವರು ಬಂದರು. ಬೋಟಿಗೆ ಹೋಗುವ ಮನುಷ್ಯ, ನಮ್ಮ ಗಿರಾಕಿಯಲ್ಲ. ಎರಡು ದಿನದ ಗಡ್ಡ. ಬಾಗಿಲಲ್ಲೇ ನಿಂತು, "ಮಾಮ, ಈ ಚೀಲ ಇಲ್ಲಿರ್ಲಿಯಾ? ಹೋಟ್ಲಿಗೆ ಹೋಯಿ ಉಂಡ್ಕ ಬತ್ತೆ" ಅಂದರು. ಮಾಮ ತಲೆ ಎತ್ತದೆ "ಇಡಿ ಇಡಿ" ಅಂದರು. ಹೋಟೆಲು ಪಕ್ಕದಲ್ಲೇ ಇದೆ, ಚೀಲವನ್ನು ಹಿಡಿದುಕೊಂಡೇ ಹೋಗಬಹುದಲ್ಲ ಎಂದು ನಾನು ಸ್ಟೂಲಿನ ಮೇಲಿಂದ ಗೊಣಗಿದೆ. ಅವರು ಚೀಲವನ್ನು ತಾವೇ ಸಾಲಿನ ತುದಿಯಲ್ಲಿ ಮೆಲ್ಲಗೆ, ಮಗುವನ್ನು ಮಲಗಿಸಿದ ಹಾಗೆ ಇಟ್ಟು ಹೋದರು.

ಅದರ ಬೆನ್ನಿಗೇ ಬಂದವರು ಅಡುಗೆಯ ಐತಾಳರು. ಹಬ್ಬದ ಸಂತರ್ಪಣೆಗೆ ಅಡುಗೆ ಮಾಡಲು ಬೈಂದೂರಿಗೆ ಹೊರಟವರು. ಅವರ ಕನ್ನಡಕದ ಕಾಲು ಮುರಿದು ನಮ್ಮಲ್ಲೇ ಇತ್ತು. "ಆಯ್ತಾ ರಾಮದಾಸ?" "ಇಲ್ಲೆ ಐತಾಳ್ರೆ, ಪೂಜೆ ಗಡಿಬಿಡಿ, ನಾಡ್ದ್ ಬನ್ನಿ." "ನಾಡ್ದ್ ಬಪ್ಪುಕೆ ನಂಗೆ ದಾರಿ ಕಾಣ್ಕಲೆ ಮಾರಾಯ" ಎಂದು ಸಿಡುಕಿ, ಬೆಳಿಗ್ಗೆ ನಮ್ಮಲ್ಲಿ ಬಿಟ್ಟಿದ್ದ ತಮ್ಮ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದರು.

ಮಂಜಣ್ಣ ಉಂಡು ಬಂದರು. ಬಾಯಿ ಒರೆಸಿಕೊಳ್ಳುತ್ತ ಬಗ್ಗಿ ಸಾಲಿನಲ್ಲಿ ಉಳಿದಿದ್ದ ತುದಿಯ ಹಳದಿ ಚೀಲ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಮತ್ತೆ ಇಳಿಸಿ ಬಾಯಿ ಬಿಡಿಸಿ ನೋಡಿದರು. ಒಳಗೆ ಒಂದು ಸೌಟು, ಮಡಿಪಂಚೆ, ಎಲೆಅಡಿಕೆಯ ಪೆಟ್ಟಿಗೆ, ಇಂಗಿನ ಡಬ್ಬಿ.

"ಇದ್ ನಂದಲ್ಲ" ಅಂದರು.

"ಪಕ್ಕದ್ದಿರ್ಕ್ ಕಾಣಿ" ಅಂದೆ ನಾನು ಮೇಲಿನಿಂದ.

ಅವರು ಒಂದೊಂದಾಗಿ ಎಲ್ಲ ಚೀಲಗಳನ್ನೂ ಮುಟ್ಟಿ ನೋಡಿದರು. ಆಮೇಲೆ ಜಗಲಿಯ ಮೇಲೆ ಕುಕ್ಕರಿಸಿದರು. ಮಾಮ ಗಾಬರಿಯಿಂದ ಎದ್ದು ಹೋಗಿ ಭುಜ ಮುಟ್ಟಿದಾಗ ಮಾತು ಬಂತು.

"ಅದ್ರೊಳ್ಗೆ ಬಾಟ್ಲಿ ಇತ್ತ್ ಮಾಮ. ನನ್ನ ಹೆಂಡ್ತಿ ಗುಲಾಬಿಗೆ ಬೆಳಿಗ್ಗೆ ಇಲ್ಲಿ ಆಸ್ಪತ್ರಿಯಂಗೆ ಎದಿ ಗಂಟ್ ಕೊಯ್ದಿರ್. ಅದನ್ನ ಔಷಧಿ ನೀರಂಗೆ ಹಾಕಿ ಕೊಟ್ಟಿರ್, ಇವತ್ತೇ ಮಣಿಪಾಲಕ್ಕೆ ಪರೀಕ್ಷೆಗೆ ಮುಟ್ಸ್ಕ್ ಅಂಬ್ರ್. ನಿನ್ನೆಯಿಂದ ಎಂತದೂ ತಿಂದಿಲ್ಲೆ ನಾನ್. ಅದನ್ನ ಕೈಯಂಗೆ ಹಿಡ್ಕಂಡ್ ಹೋಟ್ಲಂಗೆ ಉಂಬುಕೆ ಹ್ಯಾಂಗ್ ಕೂಕಂಬುದ್ ಹೇಳಿ..."

ನಾನು ಸ್ಟೂಲಿನಿಂದ ಇಳಿದೆನೋ ಬಿದ್ದೆನೋ ತಿಳಿಯದು.

"ಮತ್ತೊಂದ್ ಸಲ ತೆಗುಕೆ ಆತಿಲ್ಯಾ?" ಎಂದು ಕೇಳಿದೆ. ಎಂಥ ಪ್ರಶ್ನೆ!

"ಇದ್ದದ್ದನ್ನ ಪೂರ್ತಿ ತೆಗ್ದಾಯ್ತಲೆ. ಅದ್ ಒಳ್ಳೇದಾ ಕೆಟ್ಟದ್ದಾ ಅಂತ ಹೇಳುಕೆ ಇನ್ನ್ ಬೇರೆ ಇಲ್ಲೆ" ಅಂದರು ಮಂಜಣ್ಣ.

ಮಾಮ ಇಂಗಿನ ಡಬ್ಬಿಯನ್ನು ಮೂಗಿಗೆ ಹಿಡಿದರು. "ಐತಾಳ್ರದ್" ಅಂದರು. ಮಾಮ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ನಾವು ಮೂವರೂ ನಿಲ್ದಾಣಕ್ಕೆ ನುಗ್ಗುವಾಗ ಬೈಂದೂರಿನ ಬಸ್ಸು ಹೋಗಿಯಾಗಿತ್ತು. ಬಸ್ ಏಜೆಂಟ್ ಮುಖ ನೋಡಿಯೇ ಫೋನು ಮುಂದೆ ತಳ್ಳಿದ. ಮೊಬೈಲು ಯಾರ ಕೈಯಲ್ಲೂ ಇಲ್ಲದ ಕಾಲ. ಬಸ್ಸು ಹೆಮ್ಮಾಡಿ ದಾಟಿರುತ್ತದೆ, ಇನ್ನು ಹಿಡಿಯುವುದಿದ್ದರೆ ತ್ರಾಸಿಯಲ್ಲೇ, ಅಲ್ಲಿ ಸೋಡಾ ಅಂಗಡಿಯಲ್ಲಿ ಫೋನಿದೆ ಎಂದ.

"ಬೈಂದೂರಲ್ಲೇ ಹಿಡ್ದ್ರೆ ಆತಿಲ್ಯಾ?" ಅಂದೆ.

ಮಾಮ ತಲೆ ಅಲ್ಲಾಡಿಸಿದರು. "ನಿಂಗೆ ಐತಾಳ್ರ್ ಗೊತ್ತಿಲ್ಲೆ. ತ್ರಾಸಿ ದಾಟಿ ಮರವಂತೆ ಗಾಳಿ ಮುಖಕ್ಕೆ ಬಿತ್ತಂದ್ರೆ ಅವ್ರಿಗೆ ಎಲೆಅಡ್ಕೆ ಹಾಕುಕೇ ಬೇಕ್. ಚೀಲಕ್ಕೆ ಕೈ ಹಾಕ್ತ್ರ್. ಕಣ್ ಕಾಂತಿಲ್ಲೆ, ಮೂಸಿ ಕಾಂತ್ರ್. ಸಂತರ್ಪಣೆಗೆ ಹೊರಟ ಮನ್ಷ್ಯ, ಆ ವಾಸ್ನಿಗೆ ಮೈಲಿಗೆ ಅಂತ ಹೇಳಿ ಕಿಟಕಿಯಿಂದ ಹೊರ್ಗೆ ಬಿಸಾಡ್ತ್ರ್."

ಮರವಂತೆಯಲ್ಲಿ ಕಿಟಕಿಯಿಂದ ಬಿಸಾಡಿದರೆ ಎಲ್ಲಿಗೆ ಬೀಳುತ್ತದೆ ಎಂದು ಹೇಳಬೇಕಾಗಿರಲಿಲ್ಲ. ರಸ್ತೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಮಂಜಣ್ಣ ಕಣ್ಣು ಮುಚ್ಚಿಕೊಂಡರು. ಇಡೀ ಆಯುಷ್ಯ ಅದೇ ಕಡಲಿನಲ್ಲಿ ದುಡಿದ ಮನುಷ್ಯ.

ಏಜೆಂಟ್ ನಂಬರು ತಿರುಗಿಸಿದ. ಎಂಗೇಜು. ಮತ್ತೆ ತಿರುಗಿಸಿದ. ಎಂಗೇಜು. ಸೋಡಾ ಅಂಗಡಿಯವನ ಹೆಂಡತಿ ತವರಿಗೆ ಮಾತಾಡುತ್ತಿದ್ದಳೋ ಏನೋ, ಅವಳಿಗೆ ಅಂದು ನಾನು ಹಾಕಿದಷ್ಟು ಶಾಪ ಯಾರಿಗೂ ಹಾಕಿಲ್ಲ. ಸುತ್ತ ಜನ ಸೇರಿದರು. ಒಬ್ಬ ಬೈಕು ತರುತ್ತೇನೆ ಎಂದ, ಇನ್ನೊಬ್ಬ ಅದರಲ್ಲಿ ಪೆಟ್ರೋಲಿಲ್ಲ ಎಂದ. ನಿಲ್ದಾಣದ ಗಡಿಯಾರ ನೋಡಲು ನನಗೆ ಧೈರ್ಯವಾಗಲಿಲ್ಲ.

ಮೂರನೆಯ ಸಲವೋ ನಾಲ್ಕನೆಯ ಸಲವೋ ಆ ಕಡೆ ಫೋನಿನ ಗಂಟೆ ಬಡಿಯಿತು. "ಬಸ್ ಬಂತಾ?" ಎಂದು ಏಜೆಂಟ್ ಕಿರುಚಿದ. ಆ ಕಡೆಯವನು ಏನೋ ಹೇಳಿದ. "ನಿಂತಿತಾ? ಹಿಡಿ, ಹಿಡಿ, ಬಿಡ್ಬೇಡ! ಕಂಡಕ್ಟರನ್ನ ಕರಿ!"

ಕಂಡಕ್ಟರ್ ಬಂದ. ಏಜೆಂಟ್ ರಿಸೀವರನ್ನು ಮಾಮನ ಕಿವಿಗೆ ಕೊಟ್ಟ, ಮಾಮ ಅದನ್ನು ನನ್ನ ಕೈಗೆ ದಾಟಿಸಿದರು. ಕಂಡಕ್ಟರನ ದನಿ ಇಡೀ ನಿಲ್ದಾಣಕ್ಕೆ ಕೇಳುವಂತಿತ್ತು. "ಐತಾಳ್ರ ಚೀಲ್ವಾ? ರಶ್ ಇತ್ತಂತ ಎಲ್ರ ಚೀಲ ಎದುರ್ಗೆ ಡ್ರೈವರ್ ಹತ್ರ ರಾಶಿ ಹಾಕಿದ್ದೆ ಮರ್ರೆ. ಎಲ್ಲ ಹಳ್ದಿಯೇ. ಯಾವ್ದಂತ ಬಿಚ್ಚಿ ಕಾಂತೆ, ಹಿಡ್ಕಣಿ."

"ಬಿಚ್ಚ್ಬೇಡಿ!" ನಾನು ಕೂಗಿದೆ.

ಬಿಚ್ಚಿದರೆ ಏನಾಗುತ್ತದೆಂದು ನನ್ನ ಕಣ್ಣಿಗೆ ಕಟ್ಟಿತು. ಹಬ್ಬದ ಬಸ್ಸು, ದೇವಸ್ಥಾನಕ್ಕೆ ಹೊರಟ ಹೆಂಗಸರು, ಹೂವು, ಕಾಯಿ. ಅದರ ನಡುವೆ ಒಬ್ಬ ಕಂಡಕ್ಟರ್ ಆ ಬಾಟಲಿ ಎತ್ತಿ ಹಿಡಿದು "ಇದಾ?" ಎಂದು ಕೇಳುವುದು. ಗುಲಾಬಿ ಎಂಬ ಹೆಂಗಸನ್ನು ನಾನು ಕಂಡವಳಲ್ಲ. ಆದರೂ ಅವಳ ಮಾನ ನನ್ನ ಕೈಯಲ್ಲಿದ್ದ ಹಾಗೆ ಅನ್ನಿಸಿತು. ಬಿಚ್ಚದೆ ಹೇಳುವುದು ಹೇಗೆ? ಮಂಜಣ್ಣನನ್ನು ಕೇಳಿದರೆ, "ಹಳ್ದಿ ಚೀಲ, ಗುಲಾಬಿ ಆಸ್ಪತ್ರಿಗೆ ಅಂತ ಬಟ್ಟಿ ತುಂಬ್ಸ್ಕ ಬಂದದ್ದ್" ಎನ್ನುವುದು ಬಿಟ್ಟು ಬೇರೆ ಹೇಳಲು ಅವರಿಗೆ ತೋಚಲಿಲ್ಲ.

ಆಗ ನನ್ನ ಬಾಯಿಂದ ಬಂದ ಪ್ರಶ್ನೆ ನನಗೇ ವಿಚಿತ್ರವಾಗಿ ಕೇಳಿಸಿತು. "ನಿಮ್ಮ ಮನೆಯವ್ರ್ ಮೀನ್ ಮಾರುಕೆ ಹೋತ್ರಾ?"

"ಹೋತ್. ಯಾಕೆ?"

"ಬುಟ್ಟಿಗೆ ಎಂತ ಬಣ್ಣದ ಚಿಂದಿ ಕಟ್ತ್ರ್?"

ಮಂಜಣ್ಣ ನನ್ನ ಕಡೆ ತಿರುಗಿದರು. "ಹಸ್ರ್" ಅಂದರು. "ಹಸ್ರ್ ಕಟ್ತ್. ಎಲ್ಲದಕ್ಕೂ ಕಟ್ತ್. ನನ್ನ ಕೊಡಿಗೂ ಕಟ್ಟಿತ್."

"ಹಸಿರು ಚಿಂದಿ ಕಟ್ಟಿದ್ದ್ ಕಾಣಿ! ಚೀಲದ ಕೈ ಹತ್ರ! ಬಿಚ್ಚುಕಾಗ" ಎಂದು ಫೋನಿಗೆ ಕಿರುಚಿದೆ.

ಆ ಕಡೆ ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು. ಬಸ್ಸಿನ ಹಾರನ್ನು. ಯಾರೋ ಬೈಯುವುದು. ಅದರ ನಡುವೆ ದೂರದಿಂದ ಐತಾಳರ ದನಿ ನನಗೆ ಸ್ಪಷ್ಟವಾಗಿ ಕೇಳಿತು: "ಹ್ವಾಯ್, ಬಸ್ ಎಂತಕೆ ನಿಲ್ಸಿದ್ದ್? ನನ್ನ ಚೀಲ ಇತ್ಲಾಗೆ ಕೊಡಿ, ಎಲೆಪೆಟ್ಟಿಗೆ ಇತ್ತ್ ಅದ್ರಂಗೆ." ಮಾಮ ನನ್ನ ಮುಖವನ್ನೇ ನೋಡುತ್ತಿದ್ದರು, ಮಂಜಣ್ಣ ನೆಲವನ್ನು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ.

"ಸಿಕ್ತ್" ಅಂದ ಕಂಡಕ್ಟರ್. "ಹಸ್ರ್ ಚಿಂದಿ. ಒಂದೇ ಇತ್ತ್. ಎದುರ್ ಬಪ್ಪು ಬಸ್ಸಿಗೆ ಕೊಡ್ತೆ."

ಎದುರು ಬಸ್ಸಿನಲ್ಲಿ ಡ್ರೈವರನ ತೊಡೆಯ ಪಕ್ಕದಲ್ಲೇ ಕೂತು ಚೀಲ ಬಂತು. ಮಂಜಣ್ಣ ಅದನ್ನು ಎದೆಗೆ ಒತ್ತಿಕೊಂಡು, ನಮಗೆ ಒಂದು ಮಾತೂ ಹೇಳದೆ, ಉಡುಪಿಯ ಬಸ್ಸು ಹತ್ತಿದರು. ನಾನು ಬಂದು ಸ್ಟೂಲಿನ ಮೇಲೆ ಕೂತು ಅತ್ತೆ. ಮಾಮ ಚಾ ತರಿಸಿದರು. ಆಮೇಲೆ ಮೆಲ್ಲಗೆ, "ಸಾಲ್ ಮಾಡಿ ಇಡ್ದೇ ಇದ್ದಿದ್ರೆ..." ಎಂದು ಶುರುಮಾಡಿದರು. ನಾನು ನೋಡಿದ ನೋಟಕ್ಕೆ ಅಲ್ಲಿಗೇ ನಿಲ್ಲಿಸಿದರು. ಇವತ್ತಿಗೂ ನಾನು ಅದನ್ನು ಒಪ್ಪುವುದಿಲ್ಲ. ಎಲ್ಲರಿಗೂ ಒಂದೇ ಬಣ್ಣದ ಚೀಲ ಹಂಚಿದ ಜವಳಿ ಅಂಗಡಿಯವರದು ತಪ್ಪು. ಬೈಂದೂರಿನಲ್ಲಿ ಅಂದು ಸಾರಿಗೆ ಇಂಗು ಬೀಳಲಿಲ್ಲವಂತೆ. ಐತಾಳರು ಅದನ್ನು ಬದುಕಿರುವವರೆಗೆ ನಮಗೆ ಹೇಳಿ ತೋರಿಸಿದರು.

ಆದರೆ ಪರೀಕ್ಷೆಯಲ್ಲಿ ಏನು ಬಂತು? ಅದನ್ನು ಯಾರನ್ನು ಕೇಳುವುದು? ಮಂಜಣ್ಣನ ಊರು ಕೂಡ ಕೇಳಿಟ್ಟುಕೊಂಡಿರಲಿಲ್ಲ. ದೀಪಾವಳಿ ಕಳೆಯಿತು. ಬಾಗಿಲಲ್ಲಿ ಹಳದಿ ಚೀಲ ಕಂಡಾಗಲೆಲ್ಲ ಹಸಿರು ಚಿಂದಿ ಇದೆಯೇ ಎಂದು ನೋಡುತ್ತಿದ್ದೆ. ಬ್ರಹ್ಮಾವರದ ನನ್ನ ಚಿಕ್ಕಮ್ಮನಿಗೆ ಹೀಗೇ ಆಗಿ, ತಡವಾಗಿ ಗೊತ್ತಾಗಿ, ಆಕೆ ಉಳಿದಿರಲಿಲ್ಲ. ಆ ಹೆದರಿಕೆಯನ್ನು ಯಾರಲ್ಲೂ ಹೇಳದೆ ಇಟ್ಟುಕೊಂಡಿದ್ದೆ.

ಒಂದು ಮಧ್ಯಾಹ್ನ ಒಬ್ಬಳು ಹೆಂಗಸು ಬಂದಳು. ತೆಳ್ಳಗಾಗಿದ್ದಳು, ತಲೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು, ಕೂದಲು ಇರಲಿಲ್ಲವೆಂದು ತಿಳಿಯುತ್ತಿತ್ತು. ಕೌಂಟರಿನ ಮೇಲೆ ಚೀಲವಿಟ್ಟಳು. ಅದರ ಕೈಗೆ ಹಸಿರು ಚಿಂದಿ.

"ಇದೊಂದ್ ಗಳ್ಗಿ ಇಟ್ಕಂತ್ರಿಯಾ? ಮದ್ದಿಗೆ ಮಣಿಪಾಲಕ್ಕೆ ಹೋಪ ಬಸ್ಸಿಗೆ ಇನ್ನೂ ಹೊತ್ತಿತ್ತ್. ಉಂಡ್ಕ ಬತ್ತೆ."

ನಾನು ಆ ಚಿಂದಿಯನ್ನು ಬೆರಳಿನಿಂದ ಮುಟ್ಟಿದೆ. ಅವಳೇ ನಕ್ಕಳು. "ನೀವೇ ಅಲ್ದಾ ಚಿಂದಿ ಬಣ್ಣ ಕೇಂಡದ್ದ್? ನಮ್ಮನಿಯವ್ರ್ ಹೇಳಿರ್. ಕೆಟ್ಟ ಗಂಟೇ ಅಂಬ್ರ್. ಆರೆ ಬೇಗ ಗೊತ್ತಾಯ್ತ್, ಮದ್ದಂಗೆ ಗುಣ ಆತ್ತ್ ಅಂದಿರ್. ಅವತ್ತ್ ಬಸ್ಸಂಗೆ ಕುಂಭಾಶಿ ದಾಟುವಾಗ ದೇವ್ರಿಗೆ ಕೈ ಮುಗುಕೂ ಚೀಲ ಬಿಡ್ಲಿಲ್ಲೆ ಅಂಬ್ರ್ ಅವ್ರ್, ಬರೀ ತಲೆ ಬಗ್ಸಿದ್ದಂಬ್ರ್." ಆಮೇಲೆ ಅಂಗಡಿಯ ಸುತ್ತ ಕಣ್ಣಾಡಿಸಿ, ಖಾಲಿ ಮೊಳೆಯೊಂದನ್ನು ಕಂಡು, ತನ್ನ ಹಸಿರು ಸೆರಗಿನ ತುದಿಯಿಂದ ಒಂದು ಚಿಂದಿ ಹರಿದು ಅದಕ್ಕೆ ಬಿಗಿದಳು. "ನಿಮ್ಮಲ್ಲಿ ಯಾವ್ದ್ ಯಾರದಂತ ಗೊತ್ತಾತಿಲ್ಲೆ ಅಲ್ದಾ? ಈ ಮೊಳಿ ನಂದ್." ಚೀಲ ತೂಗುಹಾಕಿ ಉಣ್ಣಲು ಹೋದಳು.

ಅಂದಿನಿಂದ ಅದು ಗುಲಾಬಕ್ಕನ ಮೊಳೆ. ಮದ್ದು ಮುಗಿಯಿತು, ಕೂದಲು ಬಂತು, ಮತ್ತೆ ನರೆಯಿತು. ಈಗ ಪ್ರತಿ ಶನಿವಾರದ ಸಂತೆಗೆ ಒಣಮೀನು ತರುತ್ತಾಳೆ, ಮಧ್ಯಾಹ್ನ ಚೀಲವನ್ನು ನಮ್ಮಲ್ಲಿ ಇಟ್ಟು ಉಂಡು ಬರುತ್ತಾಳೆ.

ಶನಿವಾರ ಪ್ರಶಾಂತ ಇಕ್ಕಳ ಹಿಡಿದು ಬಂದಾಗ ನಾನು ಇಷ್ಟನ್ನೂ ಅವನಿಗೆ ಹೇಳಿದೆ. ಅವನು ಕೇಳಿದ. ಒಳ್ಳೆಯ ಹುಡುಗ, ಕೇಳುವಷ್ಟು ಕೇಳಿದ. ಆಮೇಲೆ "ಸಮ ಶಾರದಕ್ಕ, ಆರೆ ಒಬ್ರಿಗೆ ಬಿಟ್ರೆ ಎಲ್ರೂ ತಕಂಡ್ ಬತ್ರ್" ಎಂದು ಮೊಳೆಗೆ ಇಕ್ಕಳ ಹಾಕಿದ. ಯಜಮಾನ ಅವನು.

ಆಗಲೇ ಬಾಗಿಲಲ್ಲಿ ಒಣಮೀನಿನ ವಾಸನೆ ಬಂತು. ಗುಲಾಬಕ್ಕ ಒಳಗೆ ಬಂದು, ಅವನ ಕೈ ಕೆಳಗಿನಿಂದಲೇ ಚೀಲ ತೂಗುಹಾಕಿ, ಹೊಸ ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಎಂತ ಬರ್ದದ್ದ್ ಮಗಾ ಅದ್? ಕನ್ನಡ್ಕ ಮನಿಯಂಗೇ ಬಿಟ್ಟ್ ಬಂದೆ."

ಪ್ರಶಾಂತ ಬೋರ್ಡು ನೋಡಿದ, ಅವಳನ್ನು ನೋಡಿದ. ಇಕ್ಕಳವನ್ನು ಬೆನ್ನ ಹಿಂದೆ ಸರಿಸಿದ.

"ಎಂತ ಇಲ್ಲೆ ಗುಲಾಬಕ್ಕ" ಅಂದ. "ನೀವ್ ಉಂಡ್ಕ ಬನ್ನಿ."